ಕಪ್ಪು ಪರದೆಯ ಕಮೊಡೋರ್ 64: ಅಡಾಪ್ಟರ್ ಕೆಟ್ಟು ರ‍್ಯಾಮ್ ಹಾಳಾದ ಒಂದು ಪ್ರಕರಣ

ಯಂತ್ರ ಮತ್ತು ದೂರು

1982ರಲ್ಲಿ ಮಾರುಕಟ್ಟೆಗೆ ಬಂದ ಮನೆಬಳಕೆಯ ಕಂಪ್ಯೂಟರ್ ಕಮೊಡೋರ್ 64ರ ಹಳೆಯ ಮಾದರಿ. ದುಂಡು ಅಂಚಿನ ಪೆಟ್ಟಿಗೆ, ಒಳಗೆ 250407 ಸಂಖ್ಯೆಯ ಬೋರ್ಡು, ಪಾಲ್ ಎಂಬ ಟಿ.ವಿ. ಪದ್ಧತಿಯ 6569 ವಿಡಿಯೊ ಚಿಪ್. ಹಲವು ವರ್ಷ ಕಪಾಟಿನಲ್ಲಿದ್ದದ್ದನ್ನು ಹೊರತೆಗೆದು, ಅದರದೇ ಮೂಲ ಅಡಾಪ್ಟರಿಗೆ ಸಿಕ್ಕಿಸಿ ಹಾಕಿದಾಗ ನೀಲಿ ಪರದೆ ಸರಿಯಾಗಿಯೇ ಬಂತು. ಅರ್ಧ ಗಂಟೆ ಓಡಿದ ಮೇಲೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಚಿತ್ರ ನಿಂತುಹೋಯಿತು. ಆರಿಸಿ ಮತ್ತೆ ಹಾಕಿದರೆ ಬರೀ ಕಪ್ಪು. ಕೆಂಪು ದೀಪ ಮಾತ್ರ ಉರಿಯುತ್ತದೆ. ಟಿ.ವಿ. ‘ಸಿಗ್ನಲ್ ಇಲ್ಲ’ ಎನ್ನುವುದಿಲ್ಲ. ಸುತ್ತಲಿನ ಅಂಚುಪಟ್ಟಿಯೂ ಕಾಣುವುದಿಲ್ಲ.

ಕಪ್ಪು ಪರದೆ ಎಂದ ಕೂಡಲೇ, ಯಾವ ವಿಳಾಸಕ್ಕೆ ಯಾವ ಚಿಪ್ ಉತ್ತರಿಸಬೇಕೆಂದು ಆರಿಸಿಕೊಡುವ ಪಿಎಲ್‌ಎ ಚಿಪ್ ತರಿಸುವವರೇ ಹೆಚ್ಚು. ಪಿಎಲ್‌ಎ ಕೆಡುವುದು ನಿಜ, ಆದರೆ ಈ ಲಕ್ಷಣಕ್ಕೆ ಹತ್ತಾರು ಕಾರಣಗಳಿವೆ. ಬೋರ್ಡು ಬಿಚ್ಚುವ ಮೊದಲೇ ಮೇಲಿನ ವಿವರದಿಂದ ಅರ್ಧ ಕಾರಣಗಳನ್ನು ತಳ್ಳಿಹಾಕಬಹುದು. ಅದಕ್ಕೆ ಈ ಯಂತ್ರಕ್ಕೆ ವಿದ್ಯುತ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿರಬೇಕು.

ಅಡಾಪ್ಟರಿನಿಂದ ಎರಡು ಬಗೆಯ ವಿದ್ಯುತ್ ಬರುತ್ತದೆ: ನಿಯಂತ್ರಿತ 5 ವೋಲ್ಟ್ ಡಿಸಿ ಮತ್ತು 9 ವೋಲ್ಟ್ ಎಸಿ. 5 ವೋಲ್ಟ್ ನೇರವಾಗಿ ಪ್ರೊಸೆಸರ್, ರ‍್ಯಾಮ್, ರೋಮ್, ಪಿಎಲ್‌ಎ, ಕೀಬೋರ್ಡ್, ಪೋರ್ಟುಗಳನ್ನು ನೋಡಿಕೊಳ್ಳುವ ಎರಡು ಸಿಐಎ ಚಿಪ್ ಮತ್ತು ಉಳಿದ ಸಣ್ಣ ತರ್ಕ ಚಿಪ್‌ಗಳಿಗೆ ಹೋಗುತ್ತದೆ. 9 ವೋಲ್ಟ್ ಎಸಿ ಬೋರ್ಡಿನ 1.5 ಆಂಪಿಯರ್ ಫ್ಯೂಸ್ ದಾಟಿ, ಅಲ್ಲೇ ಡಿಸಿಯಾಗಿ, 7812 ರೆಗ್ಯುಲೇಟರಿನಿಂದ (ವೋಲ್ಟೇಜನ್ನು ಸ್ಥಿರವಾಗಿಡುವ ಬಿಡಿಭಾಗ) 12 ವೋಲ್ಟ್ ಆಗುತ್ತದೆ, 7805 ರೆಗ್ಯುಲೇಟರಿನಿಂದ ಇನ್ನೊಂದು ಪ್ರತ್ಯೇಕ 5 ವೋಲ್ಟ್ ಆಗುತ್ತದೆ. ವಿಡಿಯೊ ಚಿಪ್ಪೂ ಗಡಿಯಾರದ ಸರ್ಕ್ಯೂಟೂ ಬದುಕಿರುವುದು ಈ ಎರಡನೆಯ ಮೂಲದಿಂದ.

ಹಾಗಾಗಿ ಟಿ.ವಿ. ಸಿಗ್ನಲ್ ಹಿಡಿದುಕೊಂಡಿದೆ ಎಂದರೆ 9 ವೋಲ್ಟ್ ಎಸಿ, ಫ್ಯೂಸ್, ಎರಡೂ ರೆಗ್ಯುಲೇಟರ್, ಗಡಿಯಾರದ ಮಿಡಿತ ಕೊಡುವ ಹರಳು, ವಿಡಿಯೊ ಚಿಪ್‌ನ ಸಿಂಕ್ ಭಾಗ ಇವೆಲ್ಲ ಕೆಲಸ ಮಾಡುತ್ತಿವೆ. ಕೆಂಪು ದೀಪ ಹೇಳುವುದು 5 ವೋಲ್ಟ್ ದಾರಿಯಲ್ಲಿ ಏನೋ ಒಂದಿಷ್ಟು ವೋಲ್ಟೇಜ್ ಇದೆ ಎಂದಷ್ಟೇ; ಅದು 4 ಇರಲಿ, 8 ಇರಲಿ, ದೀಪಕ್ಕೆ ವ್ಯತ್ಯಾಸವಿಲ್ಲ. ಅಂಚುಪಟ್ಟಿ ಇಲ್ಲ ಎಂದರೆ ವಿಡಿಯೊ ಚಿಪ್‌ನ ರಿಜಿಸ್ಟರುಗಳಿಗೆ (ಸೂಚನೆಗಳನ್ನು ಬರೆಯುವ ಪುಟ್ಟ ಕೋಶಗಳಿಗೆ) ಪ್ರೊಸೆಸರ್ ಏನನ್ನೂ ಬರೆದಿಲ್ಲ. ತೊಂದರೆ ಇರುವುದು ಅಡಾಪ್ಟರಿನ 5 ವೋಲ್ಟ್ ತಿನ್ನುವ ಬಳಗದಲ್ಲಿ. ಅರ್ಧ ಗಂಟೆ ಚೆನ್ನಾಗಿ ಓಡಿ ಸತ್ತಿದೆ ಎಂಬ ಮಾತು ಅನುಮಾನವನ್ನು ಮೊದಲು ಅಡಾಪ್ಟರಿನ ಕಡೆಗೇ ತಿರುಗಿಸುತ್ತದೆ.

ಅಡಾಪ್ಟರನ್ನು ಬಿಸಿಯಾಗಿ ಅಳೆಯಬೇಕು

ಈ ಅಡಾಪ್ಟರಿನ ಒಳಗೆ ಟ್ರಾನ್ಸ್‌ಫಾರ್ಮರ್ ಮತ್ತು 5 ವೋಲ್ಟಿನ ರೇಖೀಯ ರೆಗ್ಯುಲೇಟರ್ ಎರಡನ್ನೂ ಎಪಾಕ್ಸಿಯಲ್ಲಿ ಹುದುಗಿಸಿ ಮುಚ್ಚಿರುತ್ತಾರೆ. ಬಿಸಿ ಹೊರಹೋಗಲು ದಾರಿಯಿಲ್ಲ; ವರ್ಷಗಳ ಬಿಸಿಗೆ ರೆಗ್ಯುಲೇಟರ್ ಸೋಲುತ್ತದೆ. ಅದು ಸೋಲುವ ರೀತಿಯೇ ಅಪಾಯದ್ದು: ಔಟ್‌ಪುಟ್ ಇಳಿಯುವ ಬದಲು ಏರುತ್ತದೆ. ಅದಕ್ಕೇ ಈ ಅಡಾಪ್ಟರನ್ನು ತಣ್ಣಗಿದ್ದಾಗ, ಲೋಡ್ (ಕರೆಂಟ್ ಎಳೆಯುವ ಭಾರ) ಇಲ್ಲದೆ ಅಳೆದು ‘ಸರಿ ಇದೆ’ ಎನ್ನುವುದು ತಪ್ಪು ದಾರಿ.

ಪ್ಲಗ್ 7 ಕಾಲಿನ, ಡಿನ್ ಎಂಬ ದುಂಡು ಮಾದರಿಯದು. 5ನೇ ಕಾಲು 5 ವೋಲ್ಟ್, 2ನೇ ಕಾಲು ಗ್ರೌಂಡ್, 6 ಮತ್ತು 7ರ ನಡುವೆ 9 ವೋಲ್ಟ್ ಎಸಿ. ಡಿನ್ ಪ್ಲಗ್ಗಿನಲ್ಲಿ ಕಾಲುಗಳ ಸಂಖ್ಯೆ ಸಾಲಾಗಿ ಬರುವುದಿಲ್ಲ, ಪ್ಲಾಸ್ಟಿಕ್ಕಿನಲ್ಲಿ ಅಚ್ಚಾದ ಅಂಕಿ ನೋಡಿಯೇ ಗುರುತಿಸಬೇಕು. 5 ಮತ್ತು 2ರ ನಡುವೆ 5 ಓಮ್, 25 ವ್ಯಾಟ್ ರೆಸಿಸ್ಟರ್ ಕಟ್ಟಿದರೆ ಸುಮಾರು 1 ಆಂಪಿಯರ್ ಹರಿಯುತ್ತದೆ. ಕಂಪ್ಯೂಟರ್ ಎಳೆಯುವುದೂ ಹೆಚ್ಚುಕಮ್ಮಿ ಅಷ್ಟೇ. ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ, ಲೋಹದ ತಟ್ಟೆಯ ಮೇಲಿಟ್ಟು ಅಳೆಯಬೇಕು.

ಈ ಅಡಾಪ್ಟರಿನಲ್ಲಿ ಶುರುವಿನಲ್ಲಿ 5.18 ವೋಲ್ಟ್. ಹತ್ತು ನಿಮಿಷಕ್ಕೆ 5.24. ಇಪ್ಪತ್ತೈದು ನಿಮಿಷಕ್ಕೆ 5.9. ಮೂವತ್ತೈದಕ್ಕೆ 7.1 ಮುಟ್ಟಿತು, ಅಲ್ಲಿಗೆ ನಿಲ್ಲಿಸಲಾಯಿತು. 4164 ರ‍್ಯಾಮ್ ಚಿಪ್‌ಗಳು ತಾಳಿಕೊಳ್ಳುವ ಗರಿಷ್ಠ ವೋಲ್ಟೇಜ್ ಸಾಮಾನ್ಯವಾಗಿ 7. ಯಂತ್ರದ 5 ವೋಲ್ಟ್ ದಾರಿ ಒಟ್ಟಾರೆ ಇರಬೇಕಾದ ಮಿತಿ 4.75ರಿಂದ 5.25. ಮೊದಲ ಹತ್ತು ನಿಮಿಷದ ಅಳತೆ ನೋಡಿದ್ದರೆ ಈ ಅಡಾಪ್ಟರ್ ಯಾರ ಕೈಯಲ್ಲೂ ಪಾಸಾಗುತ್ತಿತ್ತು. 9 ವೋಲ್ಟ್ ಎಸಿ ಕಡೆ ಲೋಡ್ ಇಲ್ಲದೆ 10.4 ಇತ್ತು, ಅದು ಸಹಜ.

ಇಲ್ಲಿಂದ ಮುಂದೆ ಆ ಅಡಾಪ್ಟರನ್ನು ಕೆಲಸದ ಮೇಜಿಗೆ ತರಬಾರದು. ಕೆಟ್ಟ ಚಿಪ್ ಹುಡುಕುವ ಭರದಲ್ಲಿ ಅದನ್ನೇ ಮತ್ತೆ ಸಿಕ್ಕಿಸಿ, ಹೊಸದಾಗಿ ಹಾಕಿದ ಚಿಪ್‌ಗಳನ್ನೂ ಕಳೆದುಕೊಂಡ ಉದಾಹರಣೆಗಳು ಬೇಕಾದಷ್ಟಿವೆ.

ಬೋರ್ಡಿನ ಮೇಲೆ

ಬೋರ್ಡಿಗೆ ಮೇಜಿನ ಪವರ್ ಸಪ್ಲೈಯಿಂದ 5.1 ವೋಲ್ಟ್ ಕೊಟ್ಟು ಕರೆಂಟ್ ಮಿತಿಯನ್ನು 2 ಆಂಪಿಯರಿಗೆ ಇಟ್ಟು, 9 ವೋಲ್ಟ್ ಎಸಿಗೆ ಬೇರೆ ಟ್ರಾನ್ಸ್‌ಫಾರ್ಮರ್ ಜೋಡಿಸಿ ಹಾಕಿದಾಗ ಕರೆಂಟ್ 1.3 ಆಂಪಿಯರ್ ತೋರಿಸಿತು. ಈ ಮಾದರಿಗೆ 0.8ರಿಂದ 1 ಸಾಕು. ಎಲ್ಲೋ ಒಂದು ಚಿಪ್ ಒಳಗೇ ಸೋರುತ್ತಿದೆ ಎಂಬುದಕ್ಕೆ ಇದು ಮೊದಲ ಸುಳಿವು. ವಿದ್ಯುತ್ ಕೊಡುವ ಮೊದಲೇ ಸಾಕೆಟ್ಟಿನಲ್ಲಿದ್ದ ಸಿಡ್ ಧ್ವನಿ ಚಿಪ್ಪನ್ನು ತೆಗೆದು ಸ್ಥಿರವಿದ್ಯುತ್ ತಡೆಯುವ ಸ್ಪಂಜಿಗೆ ಚುಚ್ಚಿಡಲಾಗಿತ್ತು. ಸಿಡ್ ಇಲ್ಲದೆಯೂ ಕಮೊಡೋರ್ 64 ಏಳುತ್ತದೆ, ಸಿಡ್ ಮಾತ್ರ ಮತ್ತೆ ಸಿಗುವುದು ಕಷ್ಟ.

ಅಳೆದ ಕ್ರಮ ಹೀಗಿತ್ತು. ಹಿಂಬದಿಯ ಯೂಸರ್ ಪೋರ್ಟ್ ಎಂಬ ಸಂಪರ್ಕಪಟ್ಟಿಯ 1 ಮತ್ತು 2ನೇ ಸಂಪರ್ಕಗಳ ನಡುವೆ 4.97 ವೋಲ್ಟ್. ಅದೇ ಪೋರ್ಟಿನ 10 ಮತ್ತು 11ರ ನಡುವೆ 9.6 ವೋಲ್ಟ್ ಎಸಿ. ವಿಡಿಯೊ ಚಿಪ್‌ನ 13ನೇ ಕಾಲಿನಲ್ಲಿ 12.0, 40ನೇ ಕಾಲಿನಲ್ಲಿ 5.02. ಪ್ರೊಸೆಸರಿನ 40ನೇ ಕಾಲು ರೀಸೆಟ್; ಹಾಕಿದ ಕೂಡಲೇ ಸುಮಾರು ಅರ್ಧ ಸೆಕೆಂಡ್ ಕೆಳಗಿದ್ದು ಆಮೇಲೆ 5 ವೋಲ್ಟಿಗೆ ಏರಬೇಕು, ಏರಿತು. 1ನೇ ಕಾಲಿನಲ್ಲಿ ಗಡಿಯಾರ ಪಾಲ್ ಯಂತ್ರಕ್ಕೆ 0.985 ಮೆಗಾಹರ್ಟ್ಸ್ ಇರಬೇಕು, ಇತ್ತು. ಇಷ್ಟಾದ ಮೇಲೆ 0ಯಿಂದ 7ರವರೆಗಿನ ಎಂಟು ಬಿಟ್‌ಗಳ ಡೇಟಾ ದಾರಿಗಳನ್ನು ಆಸಿಲೋಸ್ಕೋಪಿನಲ್ಲಿ ನೋಡಿದರೆ 5ನೇ ಬಿಟ್‌ನ ದಾರಿ, ಅಂದರೆ ಪ್ರೊಸೆಸರಿನ 32ನೇ ಕಾಲು, ಉಳಿದವುಗಳಂತೆ ಪೂರ್ತಿ ಏರಿಳಿಯದೆ ಪದೇ ಪದೇ ತಳಕ್ಕೆ ಅಂಟಿಕೊಳ್ಳುತ್ತಿತ್ತು.

ಆ ಹೊತ್ತಿಗೆ ಎರಡು ನಿಮಿಷ ಕಳೆದಿತ್ತು. ಒಂದೊಂದು ಬಿಟ್‌ಗೆ ಒಂದರಂತೆ ಇರುವ ಎಂಟು ರ‍್ಯಾಮ್ ಚಿಪ್‌ಗಳ ಮೇಲೆ ಬೆರಳಿಟ್ಟು ನೋಡಿದಾಗ ಯು11 ಎಂಬ ಸ್ಥಾನದ ಚಿಪ್ ತಡೆಯಲಾಗದಷ್ಟು ಬಿಸಿ, ಉಳಿದ ಏಳೂ ಬರೀ ಬೆಚ್ಚಗೆ. ಬೆರಳಿನ ಪರೀಕ್ಷೆ ಉಪಯುಕ್ತವೇ, ಆದರೆ ಅರ್ಧ ಸತ್ಯ: ಬಿಸಿಯಾದದ್ದು ಬಹುಪಾಲು ಕೆಟ್ಟಿರುತ್ತದೆ, ತಣ್ಣಗಿರುವುದೆಲ್ಲ ಚೆನ್ನಾಗಿದೆ ಎಂದೇನಿಲ್ಲ. ಮುಂದೆ ಅದು ಈ ಬೋರ್ಡಿನಲ್ಲೇ ಕಂಡುಬಂತು.

ಹೀಗಾಗಿ, ಏಳದ ಯಂತ್ರವನ್ನು ಪರೀಕ್ಷಿಸುವ ಡೆಡ್ ಟೆಸ್ಟ್ ಕಾರ್ಟ್ರಿಜ್ ಹಾಕಲಾಯಿತು. ಇದರ ಸಂಖ್ಯೆ 781220. ಸಾಮಾನ್ಯ ಕಾರ್ಟ್ರಿಜ್‌ಗಿಂತ ಇದು ಭಿನ್ನ; ಗೇಮ್ ಎಂಬ ಸಂಕೇತದ ಗೆರೆಯನ್ನು ಕೆಳಗೆಳೆದು ಯಂತ್ರವನ್ನು ಅಲ್ಟಿಮ್ಯಾಕ್ಸ್ ಸ್ಥಿತಿಗೆ ತಂದು, ಕರ್ನಲ್ ರೋಮ್ (ಯಂತ್ರವನ್ನು ಎಬ್ಬಿಸುವ ಕ್ರಮವಿಧಿ ಇರುವ ಚಿಪ್) ಇರಬೇಕಾದ ಜಾಗದಲ್ಲಿ ತಾನೇ ಕೂರುತ್ತದೆ. ರ‍್ಯಾಮ್ ನೆಚ್ಚಿಕೊಳ್ಳದೆ ಓಡುವಂತೆ ಬರೆದ ಕ್ರಮವಿಧಿ ಅದರಲ್ಲಿದೆ. ಮೊದಲು ಸುಮಾರು ಹತ್ತು ಸೆಕೆಂಡ್ ಪರದೆ ಕಪ್ಪಾಗಿರುತ್ತದೆ, ಅಷ್ಟರಲ್ಲಿ ಆರಿಸಿಬಿಡಬಾರದು. ರ‍್ಯಾಮ್ ಸರಿಯಿದ್ದರೆ ಪರೀಕ್ಷೆಯ ಪಟ್ಟಿ ಬರುತ್ತದೆ. ಇಲ್ಲದಿದ್ದರೆ ಪರದೆ ಮಿನುಗಿ ನಿಂತು, ಮತ್ತೆ ಅಷ್ಟೇ ಸಲ ಮಿನುಗುತ್ತದೆ. ಒಂದು ಮಿನುಗಿಗೆ ಯು12 (7ನೇ ಬಿಟ್), ಎರಡಕ್ಕೆ ಯು24, ಮೂರಕ್ಕೆ ಯು11, ನಾಲ್ಕಕ್ಕೆ ಯು23, ಐದಕ್ಕೆ ಯು10, ಆರಕ್ಕೆ ಯು22, ಏಳಕ್ಕೆ ಯು9, ಎಂಟಕ್ಕೆ ಯು21 (0ನೇ ಬಿಟ್). ಒಂದು ಸಲಕ್ಕೆ ಒಂದೇ ಚಿಪ್ ಹೇಳುತ್ತದೆ. ಎರಡು ಕೆಟ್ಟಿದ್ದರೆ ಮೊದಲನೆಯದನ್ನು ಸರಿಮಾಡಿದ ಮೇಲೆಯೇ ಎರಡನೆಯದು ತಿಳಿಯುವುದು.

ಇಲ್ಲಿ ಮೂರು ಮಿನುಗು. ಬೆರಳು, ಸ್ಕೋಪು, ಕಾರ್ಟ್ರಿಜ್ ಮೂರೂ ಯು11ನ್ನೇ ತೋರಿಸಿದವು. ಪಿಎಲ್‌ಎ ಕಡೆಗಿನ ಅನುಮಾನವೂ ಇಲ್ಲಿಗೆ ಬಹುಮಟ್ಟಿಗೆ ತೀರಿತು: ಕಾರ್ಟ್ರಿಜ್‌ನ ರೋಮನ್ನು ಆರಿಸಿಕೊಡುವುದು ಪಿಎಲ್‌ಎಯ 10ನೇ ಕಾಲು, ಅದು ಕೆಲಸ ಮಾಡದಿದ್ದರೆ ಮಿನುಗೇ ಬರುತ್ತಿರಲಿಲ್ಲ. 18ನೇ ಕಾಲಿನಲ್ಲಿ ರ‍್ಯಾಮ್‌ಗೆ ಹೋಗುವ, ವಿಳಾಸದ ಕಾಲಮ್ ಭಾಗ ಬಂದಿದೆ ಎಂದು ಹೇಳುವ ಕ್ಯಾಸ್ ಸಂಕೇತವೂ ಚೊಕ್ಕವಾಗಿತ್ತು. ಕ್ಯಾಸ್ ಇಲ್ಲದಿದ್ದರೆ ಎಂಟೂ ಬಿಟ್ ಒಟ್ಟಿಗೆ ಸಾಯುತ್ತವೆ. ಒಂದೇ ಬಿಟ್ ಸತ್ತಿದ್ದರೆ ತಪ್ಪು ಆ ಬಿಟ್‌ನ ಚಿಪ್‌ನಲ್ಲಿ ಅಥವಾ ಅದರ ದಾರಿಯಲ್ಲಿ ಇರುತ್ತದೆ. ವಿಳಾಸವನ್ನು ಹಂಚಿಕೊಡುವ ಯು13, ಯು25 ಸ್ಥಾನದ 74ಎಲ್‌ಎಸ್257 ಚಿಪ್‌ಗಳು ಕೆಟ್ಟರೂ ಹೀಗೆ ಒಂದೇ ಬಿಟ್‌ಗೆ ನಿಲ್ಲುವುದಿಲ್ಲ.

ಒಂದೇ ಒಂದು ಬಿಟ್ ಕೆಟ್ಟರೆ ಇಡೀ ಯಂತ್ರ ಯಾಕೆ ಮೂಕವಾಗಬೇಕು? ಕಾರಣ ಸ್ಟ್ಯಾಕಿನಲ್ಲಿದೆ, ಅಂದರೆ ಮರಳಬೇಕಾದ ವಿಳಾಸಗಳನ್ನು ಬರೆದಿಡುವ ಜಾಗದಲ್ಲಿ. ಹದಿನಾರರ ಪದ್ಧತಿಯಲ್ಲಿ ಹೇಳುವುದಾದರೆ, 6510 ಪ್ರೊಸೆಸರ್ ಎದ್ದ ಕೂಡಲೇ ಕರ್ನಲ್ ರೋಮ್‌ನ ಎಫ್‌ಸಿಇ2 ವಿಳಾಸದಿಂದ ಶುರುಮಾಡಿ, ಐದನೆಯ ಆದೇಶದಲ್ಲೇ ಒಂದು ಉಪವಿಧಿಯನ್ನು ಕರೆಯುತ್ತದೆ: ಕಾರ್ಟ್ರಿಜ್ ಇದೆಯೇ ನೋಡು ಎಂದು. ವಾಪಸು ಬರಲು ಎಫ್‌ಸಿಇ9 ಎಂಬ ಗುರುತನ್ನು ರ‍್ಯಾಮ್‌ನಲ್ಲಿರುವ ಸ್ಟ್ಯಾಕಿನಲ್ಲಿ ಬರೆದಿಡುತ್ತದೆ. 5ನೇ ಬಿಟ್ ಸದಾ ಸೊನ್ನೆಯಾಗಿ ಓದಿಸಿಕೊಂಡರೆ ಎಫ್‌ಸಿ ಇದ್ದದ್ದು ಡಿಸಿ ಆಗುತ್ತದೆ, ಇ9 ಇದ್ದದ್ದು ಸಿ9 ಆಗುತ್ತದೆ. ಪ್ರೊಸೆಸರ್ ಅದಕ್ಕೆ ಒಂದು ಕೂಡಿಸಿಕೊಂಡು ಡಿಸಿಸಿಎ ವಿಳಾಸಕ್ಕೆ ಮರಳುತ್ತದೆ. ಅಲ್ಲಿ ಕ್ರಮವಿಧಿ ಇಲ್ಲ, ಕೀಬೋರ್ಡ್ ನೋಡಿಕೊಳ್ಳುವ ಸಿಐಎ ಚಿಪ್‌ನ ರಿಜಿಸ್ಟರುಗಳಿವೆ. ಅವುಗಳಲ್ಲಿ ಆ ಕ್ಷಣಕ್ಕೆ ಇದ್ದ ಅಂಕಿಗಳನ್ನೇ ಆದೇಶ ಎಂದು ಓದಿ ದಾರಿ ತಪ್ಪುತ್ತದೆ. ವಿಡಿಯೊ ಚಿಪ್‌ಗೆ ಬಣ್ಣ, ಅಂಚು ಹೇಳಿಕೊಡುವ ಭಾಗ ಇದಾದ ಎಷ್ಟೋ ಹೆಜ್ಜೆಗಳ ನಂತರ ಬರಬೇಕಾದದ್ದು. ಪರದೆ ಅಂಚಿಲ್ಲದೆ ಕಪ್ಪಾಗಿರುವುದು ಇದರಿಂದ.

ಚಿಪ್ ತೆಗೆದು ಹಾಕಿದ್ದು

ತೆಗೆಯುವ ಮೊದಲು ಒಳ್ಳೆಯ 4164 ಚಿಪ್ಪೊಂದನ್ನು ಕೆಟ್ಟದರ ಬೆನ್ನ ಮೇಲೆ ಕಾಲಿಗೆ ಕಾಲು ತಾಗುವಂತೆ ಕೂರಿಸಿ ನೋಡುವ ಪದ್ಧತಿ ಇದೆ. ಒಳಗೆ ತುಂಡಾಗಿ ಸುಮ್ಮನಾದ ಚಿಪ್‌ಗೆ ಮಾತ್ರ ಅದು ಫಲ ಕೊಡುತ್ತದೆ. ಯು11ರಂತೆ ದಾರಿಯನ್ನು ತಳಕ್ಕೆ ಎಳೆದು ಹಿಡಿದಿರುವ ಚಿಪ್ ಇದ್ದರೆ ಮೇಲಿನದು ಎಷ್ಟು ಒಳ್ಳೆಯದಾದರೂ ಸೋಲುತ್ತದೆ. ಹಾಗಾಗಿ ಇಲ್ಲಿ ಆ ಪ್ರಯೋಗದಿಂದ ಏನೂ ತಿಳಿಯುವಂತಿರಲಿಲ್ಲ.

ಈ ಬೋರ್ಡಿನ ತಾಮ್ರ ತೆಳು, ಬೆಸುಗೆಯ ಬಿಲ್ಲೆಗಳು ಬೇಗ ಏಳುತ್ತವೆ. ಕೆಟ್ಟ ಚಿಪ್ಪನ್ನು ಉಳಿಸಿಕೊಳ್ಳುವ ಆಸೆ ಬಿಟ್ಟರೆ ಬೋರ್ಡು ಉಳಿಯುತ್ತದೆ. ಚಪ್ಪಟೆ ಬಾಯಿಯ ಸಣ್ಣ ಕಟರಿನಿಂದ ಹದಿನಾರೂ ಕಾಲುಗಳನ್ನು ಚಿಪ್‌ನ ಮೈಗೆ ತಾಗಿದಂತೆ ಕತ್ತರಿಸಿ, ಮೈ ತೆಗೆದುಹಾಕಿ, ನಿಂತ ಕಾಲುಗಳನ್ನು ಒಂದೊಂದಾಗಿ ಬಿಡಿಸಬೇಕು. ಮೊದಲು ಪ್ರತಿ ಕಾಲಿಗೂ ಹೊಸ 60/40 ಬೆಸುಗೆ ಸ್ವಲ್ಪ ಸೇರಿಸಿ, 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಳಗಿನಿಂದ ಮೂರು ಸೆಕೆಂಡ್ ಕಾಯಿಸಿ, ಮೇಲಿನಿಂದ ಚಿಮಟದಲ್ಲಿ ಎತ್ತುವುದು. ಬೆಸುಗೆ ಪೂರ್ತಿ ಕರಗಿದ್ದರೆ ಕಾಲು ತಾನಾಗಿ ಬರುತ್ತದೆ. ಎಳೆಯಬೇಕಾಗಿ ಬಂದರೆ ಅದು ಇನ್ನೂ ಕರಗಿಲ್ಲ ಎಂದರ್ಥ. 8ನೇ ಕಾಲು (5 ವೋಲ್ಟ್) ಮತ್ತು 16ನೇ ಕಾಲು (ಗ್ರೌಂಡ್) ಅಗಲ ತಾಮ್ರಕ್ಕೆ ಸೇರಿರುವುದರಿಂದ ಬಿಸಿಯನ್ನು ಹೀರಿಕೊಳ್ಳುತ್ತವೆ, ಅವಕ್ಕೆ ಅಗಲ ಮೊನೆ ಹಾಕಿ ಇನ್ನೂ ಒಂದೆರಡು ಸೆಕೆಂಡ್ ಕೊಡಬೇಕು. ಕೊನೆಗೆ ರಂಧ್ರಗಳನ್ನು ಬೆಸುಗೆ ಹೀರುವ ಪಂಪಿನಿಂದ ತೆರವು ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, 16 ಕಾಲಿನ 7.62 ಮಿ.ಮೀ. ಅಗಲದ ಸಾಕೆಟ್ ಕೂರಿಸಲಾಯಿತು.

ಬದಲಿ ಚಿಪ್ 4164; ಬೆನ್ನ ಮೇಲೆ 15 ಎಂದಿದ್ದರೆ 150 ನ್ಯಾನೋಸೆಕೆಂಡ್, 20 ಎಂದಿದ್ದರೆ 200. ಎರಡೂ ನಡೆಯುತ್ತವೆ. 4116 ನೋಡಲು ಹಾಗೇ ಇದ್ದರೂ ಅದಕ್ಕೆ 12 ಮತ್ತು ಋಣ 5 ವೋಲ್ಟ್ ಬೇಕು, ಇಲ್ಲಿ ಹಾಕಲೇಬಾರದು. 4164 ಸಿಗದಿದ್ದರೆ 41256 ಹಾಕಬಹುದು. ಅದರ 1ನೇ ಕಾಲು ಹೆಚ್ಚುವರಿ ವಿಳಾಸದ ಗೆರೆ, ಅದನ್ನು ತೇಲಲು ಬಿಡದೆ 16ನೇ ಕಾಲಿಗೆ ಕಟ್ಟಬೇಕು. ವಿಡಿಯೊ ಚಿಪ್ 8 ಬಿಟ್‌ನ ಎಣಿಕೆಯಲ್ಲಿ 256 ಸಾಲುಗಳನ್ನೂ ರಿಫ್ರೆಶ್ ಮಾಡುವುದರಿಂದ, ಅಂದರೆ ಕೋಶಗಳ ಚಾರ್ಜನ್ನು ಮತ್ತೆ ತುಂಬುವುದರಿಂದ, 41256ಕ್ಕೆ ಆ ಕಡೆಯಿಂದ ತೊಂದರೆಯಿಲ್ಲ.

ಯು11 ಬದಲಾದ ಮೇಲೆ ಕರೆಂಟ್ 0.9 ಆಂಪಿಯರಿಗೆ ಇಳಿಯಿತು. ಡೆಡ್ ಟೆಸ್ಟ್ ಈ ಸಲ ಆರು ಬಾರಿ ಮಿನುಗಿತು: ಯು22, 2ನೇ ಬಿಟ್. ಇದೇ ಆ ತಣ್ಣಗಿದ್ದ ಚಿಪ್. ಅದನ್ನೂ ಅದೇ ರೀತಿ ಬದಲಿಸಿ ಹಾಕಿದರೆ ಮತ್ತೆ ಆರೇ ಮಿನುಗು.

ಇಂಥ ಹೊತ್ತಿನಲ್ಲಿ ಹೊಸ ಚಿಪ್ಪೂ ಕೆಟ್ಟದ್ದೇ ಇರಬೇಕು ಎಂದು ಇನ್ನೊಂದು ಹಾಕುವ ಮನಸ್ಸಾಗುತ್ತದೆ. ಅದಕ್ಕಿಂತ ಮೊದಲು ಮೀಟರನ್ನು ಬೀಪ್ ಸ್ಥಿತಿಗಿಟ್ಟು ದಾರಿ ನೋಡಬೇಕು. 4164ರಲ್ಲಿ ಡೇಟಾ ಒಳಬರುವುದು 2ನೇ ಕಾಲಿಗೆ, ಹೊರಹೋಗುವುದು 14ನೇ ಕಾಲಿನಿಂದ. ಈ ಬೋರ್ಡಿನಲ್ಲಿ ಎರಡನ್ನೂ ಸೇರಿಸಿ ಒಂದೇ ಡೇಟಾ ದಾರಿಗೆ ಕಟ್ಟಿದ್ದಾರೆ. ಪ್ರೊಸೆಸರಿನ 35ನೇ ಕಾಲಿನಿಂದ (2ನೇ ಬಿಟ್) ಯು22ರ 2ನೇ ಕಾಲಿಗೆ ಬೀಪ್ ಬಂತು, 14ನೇ ಕಾಲಿಗೆ ಬರಲಿಲ್ಲ. ಹಳೆಯ ಕಾಲು ತೆಗೆಯುವಾಗ ರಂಧ್ರದ ಒಳಗೋಡೆಯ ತಾಮ್ರದ ಕೊಳವೆ ಅದರ ಜೊತೆಗೇ ಕಿತ್ತು ಬಂದಿತ್ತು. ಚಿಪ್‌ಗೆ ಬರೆಯುವುದು ಸಾಧ್ಯ, ಓದುವುದು ಸಾಧ್ಯವಿಲ್ಲ. ಪರೀಕ್ಷೆಯ ಕಣ್ಣಿಗೆ ಇದಕ್ಕೂ ಸತ್ತ ಚಿಪ್‌ಗೂ ಭೇದವಿಲ್ಲ. ಬೋರ್ಡಿನ ಅಡಿಯಲ್ಲಿ ಸಾಕೆಟ್ಟಿನ 2ನೇ ಕಾಲಿನಿಂದ 14ನೇ ಕಾಲಿಗೆ 30 ಗೇಜಿನ ಹೊದಿಕೆ ತಂತಿ ಬೆಸೆದಾಗ ಡೆಡ್ ಟೆಸ್ಟ್ ಪಟ್ಟಿ ತೆರೆದುಕೊಂಡಿತು. ಪ್ರತಿ ಸಾಕೆಟ್ ಬೆಸೆದ ಮೇಲೆ, ಚಿಪ್ ಹಾಕುವ ಮೊದಲೇ ಹದಿನಾರೂ ಕಾಲುಗಳ ದಾರಿಯನ್ನು ಪಕ್ಕದ ರ‍್ಯಾಮ್ ಚಿಪ್‌ನ ಅದೇ ಸಂಖ್ಯೆಯ ಕಾಲಿಗೆ ಹೋಲಿಸಿ ನೋಡುವುದು ಐದು ನಿಮಿಷದ ಕೆಲಸ. ಡೇಟಾದ 2 ಮತ್ತು 14 ಬಿಟ್ಟರೆ ಉಳಿದ ಕಾಲುಗಳು ಎಂಟೂ ಚಿಪ್‌ಗಳಿಗೆ ಸಾಮಾನ್ಯ.

ಬಿಸಿಯಾದಾಗ ಕಂಡದ್ದು

ಕಾರ್ಟ್ರಿಜ್ ತೆಗೆದು ಹಾಕಿದಾಗ ನೀಲಿ ಪರದೆ, ಅದರಲ್ಲಿ 38911 ಬೈಟ್ ಖಾಲಿ ಎಂಬ ಸಾಲು. ಇಲ್ಲಿಗೆ ಮುಗಿಯಿತು ಎಂದು ಪೆಟ್ಟಿಗೆ ಮುಚ್ಚುವುದು ಬೇಡ. ಏಳುವಾಗ ಯಂತ್ರ ರ‍್ಯಾಮನ್ನು 0400 ವಿಳಾಸದಿಂದ ಮೇಲಕ್ಕೆ ಎರಡು ಅಂಕಿಗಳನ್ನು ಬರೆದು ಓದಿ ನೋಡುತ್ತದೆ. ಮೊದಲ ತಪ್ಪು ಸಿಕ್ಕಲ್ಲಿ ನಿಲ್ಲುತ್ತದೆ. ಎ000 ವಿಳಾಸದಲ್ಲಿ ಬೇಸಿಕ್ ರೋಮ್ ಎದುರಾಗುವುದರಿಂದ ಒಳ್ಳೆಯ ಯಂತ್ರದಲ್ಲೂ ಅಲ್ಲೇ ನಿಲ್ಲುತ್ತದೆ. 38911ಕ್ಕಿಂತ ಕಡಿಮೆ ಬಂದರೆ ರ‍್ಯಾಮ್ ಕೆಟ್ಟಿರುವುದು ಖಚಿತ. ಪೂರ್ತಿ 38911 ಬಂದರೆ ಅದರಿಂದ ಮೇಲಿನ 24 ಕಿಲೋಬೈಟ್ ಬಗ್ಗೆ ಏನೂ ತಿಳಿಯುವುದಿಲ್ಲ.

ಮೇಲಿನ ಮುಚ್ಚಳ ಇಟ್ಟು ಓಡಲು ಬಿಟ್ಟಾಗ ಐವತ್ತು ನಿಮಿಷದ ಹೊತ್ತಿಗೆ ಪರದೆಯ ಕೆಲವೇ ಜಾಗಗಳಲ್ಲಿ ಅಕ್ಷರಗಳು ಬದಲಾಗತೊಡಗಿದವು. ‘ಎ’ ಇದ್ದಲ್ಲಿ ಇಸ್ಪೀಟಿನ ಗುರುತು, ‘ಎಸ್’ ಇದ್ದಲ್ಲಿ ಹೃದಯದ ಗುರುತು. ಖಾಲಿ ಜಾಗ ಖಾಲಿಯೇ ಉಳಿದಿತ್ತು. ಇದು ಬಹಳ ಮಾತಾಡುವ ಲಕ್ಷಣ. ಪರದೆಯ ಸಂಕೇತದಲ್ಲಿ ‘ಎ’ ಎಂದರೆ 1, ಇಸ್ಪೀಟು ಎಂದರೆ 65. ‘ಎಸ್’ 19, ಹೃದಯ 83. ಖಾಲಿ 32, ಅದಕ್ಕೆ 64 ಸೇರಿದರೆ 96, ಅದೂ ಖಾಲಿಯೇ. ಎಲ್ಲದರಲ್ಲೂ ವ್ಯತ್ಯಾಸ 64, ಅಂದರೆ 6ನೇ ಬಿಟ್, ಅಂದರೆ ಯು24. ಅಕ್ಷರ ಏನಾಗಿ ಬದಲಾಯಿತು ಎಂದು ಬರೆದುಕೊಂಡು ಸಂಕೇತಗಳ ಪಟ್ಟಿಯಲ್ಲಿ ವ್ಯತ್ಯಾಸ ಕಳೆದರೆ ಯಾವ ಉಪಕರಣವೂ ಇಲ್ಲದೆ ಚಿಪ್ ಹೆಸರು ಸಿಗುತ್ತದೆ. ವ್ಯತ್ಯಾಸ 1 ಆದರೆ ಯು21, 2 ಆದರೆ ಯು9, 4ಕ್ಕೆ ಯು22, 8ಕ್ಕೆ ಯು10, 16ಕ್ಕೆ ಯು23, 32ಕ್ಕೆ ಯು11, 64ಕ್ಕೆ ಯು24, 128ಕ್ಕೆ ಯು12.

ಯು24ರ ಮೇಲೆ ತಂಪು ಸ್ಪ್ರೇ ಒಂದು ಸೆಕೆಂಡ್ ಹಾಕಿ ಮತ್ತೆ ಬರೆದಾಗ ಅಕ್ಷರಗಳು ಸರಿಯಾಗಿ ನಿಂತವು. ಬಿಸಿಗಾಳಿ ಊದಿದಾಗ ತಪ್ಪು ಮರಳಿತು. ಕೆಲವು ಕೋಶಗಳು ಬಿಸಿಯಲ್ಲಿ ತುಂಬಿದ ಚಾರ್ಜನ್ನು ರಿಫ್ರೆಶ್ ಬರುವವರೆಗೆ ಹಿಡಿದಿಡಲಾರದೆ ಸೋರುತ್ತಿದ್ದವು. ಹೆಚ್ಚಿನ ವೋಲ್ಟೇಜಿನ ಪೆಟ್ಟು ತಿಂದ ಚಿಪ್ ಹೀಗೆ ಅರೆಜೀವವಾಗಿ ಉಳಿಯುವುದು ಸಾಮಾನ್ಯ, ತಣ್ಣಗಿನ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ.

ಯು24 ಬದಲಾದ ಮೇಲೆ ಉಳಿದ ಐದನ್ನು ಏನು ಮಾಡುವುದು ಎಂಬ ಪ್ರಶ್ನೆ ಬರುತ್ತದೆ. ಎಂಟರಲ್ಲಿ ಮೂರು ಹೋಗಿವೆ, ಐದೂ ಅದೇ ಪೆಟ್ಟು ತಿಂದಿವೆ, ಎಲ್ಲವನ್ನೂ ತೆಗೆದುಬಿಡಿ ಎನ್ನುವವರ ವಾದದಲ್ಲಿ ಹುರುಳಿದೆ. ಆದರೆ ಇದೇ ಬೋರ್ಡಿನಲ್ಲಿ ಒಂದು ರಂಧ್ರ ಕಿತ್ತುಬಂದದ್ದು ಕಣ್ಣೆದುರಿಗಿದೆ. ಇನ್ನೂ ಎಂಬತ್ತು ಕಾಲುಗಳನ್ನು ಬಿಡಿಸುವುದು ಚಿಕ್ಕ ಅಪಾಯವಲ್ಲ. ಆದ್ದರಿಂದ ಐದಕ್ಕೂ ಬಿಸಿಯಲ್ಲೇ ಪರೀಕ್ಷೆ ಕೊಟ್ಟು ನೋಡುವುದು ಎಂದು ತೀರ್ಮಾನವಾಯಿತು. 586220 ಡಯಾಗ್ನೋಸ್ಟಿಕ್ ಕಾರ್ಟ್ರಿಜ್ ಪೋರ್ಟುಗಳಿಗೆ ಸಿಕ್ಕಿಸುವ ತಂತಿಗಂಟುಗಳೊಂದಿಗೆ ಸಿಐಎ, ಕೀಬೋರ್ಡ್ ಗೆರೆ, ಟೇಪ್ ಮತ್ತು ಸೀರಿಯಲ್ ದಾರಿ, ರ‍್ಯಾಮ್ ಎಲ್ಲವನ್ನೂ ಸುತ್ತಿ ಸುತ್ತಿ ನೋಡುತ್ತದೆ. ಪೆಟ್ಟಿಗೆ ಮುಚ್ಚಿ, ಸಿಡ್ ಮರಳಿ ಹಾಕಿ, ಎಂಟು ಗಂಟೆ ಓಡಿಸಿದಾಗ ಒಂದೂ ತಪ್ಪು ಬರಲಿಲ್ಲ. ಐದು ಹಳೆಯ ಚಿಪ್‌ಗಳು ಅಲ್ಲೇ ಉಳಿದವು. ಪರೀಕ್ಷೆ ಇನ್ನೊಂದು ಚಿಪ್ಪನ್ನು ಹಿಡಿದಿದ್ದರೆ ಐದನ್ನೂ ತೆಗೆಯುವುದೇ ಸರಿಯಾಗುತ್ತಿತ್ತು.

ಹೊಸ ವಿದ್ಯುತ್ ಮೂಲ

ಎಪಾಕ್ಸಿ ಒಡೆದು ಹಳೆಯ ಅಡಾಪ್ಟರಿನ ರೆಗ್ಯುಲೇಟರ್ ಬದಲಿಸುವುದು ಶ್ರಮಕ್ಕೆ ತಕ್ಕ ಕೆಲಸವಲ್ಲ, ಮೇನ್ಸ್ ಕಡೆಯ ತಂತಿ ಸುಲಿದುಹೋಗುವ ಅಪಾಯವೂ ಇದೆ. ಹೊಸದಾಗಿ ಕಟ್ಟಿದ ಮೂಲದಲ್ಲಿ ಎರಡು ಭಾಗ: ಮುಚ್ಚಿದ ಮಾದರಿಯ 5 ವೋಲ್ಟ್, 3 ಆಂಪಿಯರ್ ಸ್ವಿಚಿಂಗ್ ಮಾಡ್ಯೂಲ್, ಮತ್ತು 9 ವೋಲ್ಟ್, 1.5 ಆಂಪಿಯರ್ ಟ್ರಾನ್ಸ್‌ಫಾರ್ಮರ್. 9 ವೋಲ್ಟ್ ಕಡೆ ಡಿಸಿ ಕೊಡುವಂತಿಲ್ಲ. ಬೋರ್ಡಿನಲ್ಲಿ 12 ವೋಲ್ಟಿಗೆ ಬೇಕಾದ ಎತ್ತರವನ್ನು ಎಸಿಯಿಂದಲೇ ದ್ವಿಗುಣಿಸಿ ಪಡೆಯುತ್ತಾರೆ. ಸಿಐಎ ಚಿಪ್‌ಗಳ ದಿನಗಡಿಯಾರ ಎಣಿಸುವುದೂ ಅದೇ ಎಸಿಯ 50 ಅಥವಾ 60 ಹರ್ಟ್ಸ್ ಮಿಡಿತವನ್ನು. ಎರಡೂ ಭಾಗಗಳ ಮೇನ್ಸ್ ಕಡೆಗೆ ಫ್ಯೂಸ್ ಇರಬೇಕು, ಪೆಟ್ಟಿಗೆ ಲೋಹದ್ದಾದರೆ ಅರ್ಥಿಂಗ್ ಇರಲೇಬೇಕು.

5 ವೋಲ್ಟ್ ದಾರಿಯಲ್ಲಿ ಹೆಚ್ಚಿನ ವೋಲ್ಟೇಜಿಗೆ ಕಡಿವಾಣ ಹಾಕಲಾಯಿತು. 3 ಆಂಪಿಯರ್ ಫ್ಯೂಸ್ ದಾಟಿದ ಮೇಲೆ ದಾರಿಯಿಂದ ಗ್ರೌಂಡಿಗೆ ಟ್ರಯಾಕ್ (ಸಂಕೇತ ಬಂದರೆ ದಾರಿಯನ್ನು ಗ್ರೌಂಡಿಗೆ ಮುಟ್ಟಿಸುವ ಸ್ವಿಚ್ಚು), ಅದನ್ನು ಹಚ್ಚಲು ವೋಲ್ಟೇಜ್ ಹೋಲಿಸುವ ಟಿಎಲ್431 ಚಿಪ್. ಟಿಎಲ್431ರ ಉಲ್ಲೇಖ ಸುಮಾರು 2.5 ವೋಲ್ಟ್, ದಾರಿಯಿಂದ 12 ಕಿಲೋಓಮ್, ಗ್ರೌಂಡಿಗೆ 10 ಕಿಲೋಓಮ್ ಹಾಕಿದರೆ 5.5 ವೋಲ್ಟಿನಲ್ಲಿ ಅದು ಎಚ್ಚರಗೊಂಡು ಟ್ರಯಾಕನ್ನು ಹಚ್ಚುತ್ತದೆ. ಒಂದೋ ಫ್ಯೂಸ್ ಹೋಗುತ್ತದೆ, ಇಲ್ಲವೇ ಮಾಡ್ಯೂಲ್ ತನ್ನ ರಕ್ಷಣೆಗೆ ತಾನೇ ನಿಲ್ಲುತ್ತದೆ; ಎರಡರಲ್ಲೂ ಕಂಪ್ಯೂಟರಿಗೆ ಏರಿದ ವೋಲ್ಟೇಜ್ ಮುಟ್ಟುವುದಿಲ್ಲ. ಕಟ್ಟಿದ ಮೇಲೆ ಕಂಪ್ಯೂಟರ್ ಜೋಡಿಸದೆ, ಮೇಜಿನ ಸಪ್ಲೈಯಿಂದ ನಿಧಾನವಾಗಿ ಏರಿಸಿ ಅದು 5.5ರ ಹತ್ತಿರ ನಿಜಕ್ಕೂ ಬೀಳುತ್ತದೆಯೇ ಎಂದು ನೋಡುವುದು ಕಡ್ಡಾಯ.

ಮಾಡ್ಯೂಲನ್ನು 5.12 ವೋಲ್ಟಿಗೆ ಇಟ್ಟು ಯಂತ್ರಕ್ಕೆ ಜೋಡಿಸಿದಾಗ ಯೂಸರ್ ಪೋರ್ಟಿನಲ್ಲಿ ಮೊದಲು 4.81 ಮಾತ್ರ ಬಂತು. ದಾರಿಯಲ್ಲಿ 0.3 ವೋಲ್ಟ್ ಎಲ್ಲಿ ಹೋಯಿತು ಎಂದು ತುಂಡು ತುಂಡಾಗಿ ಅಳೆದರೆ ಪಕ್ಕದ ಆನ್-ಆಫ್ ಸ್ವಿಚ್ಚಿನ ಎರಡು ಕಾಲುಗಳ ನಡುವೆಯೇ 0.2 ಸಿಕ್ಕಿತು. ಒಳಗಿನ ಸಂಪರ್ಕ ಕಿಲುಬಾಗಿತ್ತು. ಸಂಪರ್ಕ ಶುಚಿ ಮಾಡುವ ದ್ರವ ಒಂದೆರಡು ಹನಿ ಬಿಟ್ಟು ಇಪ್ಪತ್ತು ಸಲ ಆಡಿಸಿದ ಮೇಲೆ ಪೋರ್ಟಿನಲ್ಲಿ 4.98, ರ‍್ಯಾಮ್‌ನ 8ನೇ ಕಾಲಿನಲ್ಲಿ 4.95. ಸ್ವಿಚ್ ಕಿಲುಬನ್ನು ಸರಿದೂಗಿಸಲು ಅಡಾಪ್ಟರಿನ ವೋಲ್ಟೇಜ್ ಏರಿಸುವುದು ಕೆಟ್ಟ ಅಭ್ಯಾಸ. ಒಂದು ದಿನ ಸಂಪರ್ಕ ತಾನಾಗಿ ಸರಿಹೋದರೆ ಆ ಹೆಚ್ಚುವರಿ ಅಷ್ಟೂ ಚಿಪ್‌ಗಳಿಗೆ ಹೋಗುತ್ತದೆ.

ಮುಚ್ಚುವ ಮೊದಲು ಬೋರ್ಡಿನ ಮೇಲೆ ಹೊದಿಸಿದ್ದ ತಗಡು ಹಾಳೆಯ ರಟ್ಟನ್ನು ತೆಗೆದುಹಾಕಲಾಯಿತು, ಅದು ಬಿಸಿಯನ್ನು ಒಳಗೇ ಕೂಡಿಡುತ್ತದೆ. ವಿಡಿಯೊ ಚಿಪ್‌ನ ಲೋಹದ ಮುಚ್ಚಳದ ನಾಲಿಗೆಗೆ ಹೊಸ ಥರ್ಮಲ್ ಪೇಸ್ಟ್, ಪಿಎಲ್‌ಎ ಬೆನ್ನಿಗೆ ಸಣ್ಣ ಹೀಟ್ ಸಿಂಕ್. ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳನ್ನು ವಯಸ್ಸಿನ ಕಾರಣಕ್ಕೇ ತೆಗೆಯಲಿಲ್ಲ: 12 ವೋಲ್ಟ್ ಮತ್ತು ಎರಡೂ 5 ವೋಲ್ಟ್ ದಾರಿಗಳಲ್ಲಿ ಏರಿಳಿತ 30 ಮಿಲಿವೋಲ್ಟ್ ದಾಟಲಿಲ್ಲ, ಯಾವುದರ ಬುಡದಲ್ಲೂ ಸೋರಿಕೆಯ ಕಲೆ ಇರಲಿಲ್ಲ. ಅಳತೆಗಳನ್ನು ಬರೆದ ಚೀಟಿಯೊಂದನ್ನು ಪೆಟ್ಟಿಗೆಯ ಒಳಮೈಗೆ ಅಂಟಿಸಿದೆ: ಪೋರ್ಟಿನ ವೋಲ್ಟೇಜ್, ಕರೆಂಟ್, ಬದಲಾದ ಮೂರು ಚಿಪ್‌ಗಳು, ಯು22ರ ಅಡಿಯ ತಂತಿ. ಹಳೆಯ ಅಡಾಪ್ಟರಿನ ಡಿನ್ ಪ್ಲಗ್ಗನ್ನು ಮತ್ತೆ ಯಾರೂ ಯಾವ ಯಂತ್ರಕ್ಕೂ ಸಿಕ್ಕಿಸದಂತೆ ಕತ್ತರಿಸಿ ತೆಗೆಯಲಾಗಿದೆ.